ಕೌನ್ಸಿಲ್‌ಗೆ ಹೋಗುವ ನಮ್ಮ ಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ದಕ್ಷಿಣ, ಮಧ್ಯ ಮತ್ತು ಉತ್ತರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪ್ರಾಂತಗಳ ಕೌನ್ಸಿಲ್ ಪ್ರತಿನಿಧಿಗಳಿಗೆ,

ಪ್ರಿಯರೇ,

ಕರ್ತನ ನಾಮದಲ್ಲಿ ವಂದನೆಗಳು. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಸಭಾಪ್ರಾಂತದ, ಅಂದರೆ ಒಬ್ಬ ಬಿಷಪ್ ಕೆಳಗೆ ಬರುವ ಎಲ್ಲ ಊರಿನ ಚರ್ಚ್ ಸಭೆಗಳ, ಕೌನ್ಸಿಲ್ ಸೇರುವ ಒಂದು ತಿಂಗಳ ಮೊದಲೇ ಲೆಕ್ಕಪತ್ರ, ಆಸ್ತಿಗಳ ಪಟ್ಟಿ, ಒಪ್ಪಿಗೆಗೆ ಬರುವ ತಿದ್ದುಪಡಿಗಳ ಕರಡು ಎಲ್ಲವೂ ನಮಗೆ ಅರ್ಥವಾಗುವ ಭಾಷೆಯಲ್ಲಿ ಪ್ರತಿಯೊಂದು ಸಭೆಯ ಕೈ ಸೇರಬೇಕು. ಕಾಗದ ಮೊದಲೇ ಬರದ ವಿಷಯಕ್ಕೆ ನೀವು ಕೈ ಎತ್ತಬಾರದು. ನಾನು ಕೇಳುತ್ತಿರುವುದು ಇಷ್ಟೇ.

ಬಿಷಪ್ ಅವರಿಗೆ ಬರೆಯದೆ ನಿಮಗೇಕೆ ಬರೆದೆ ಎಂದು ಕೇಳಬಹುದು. ಸಭಾಪ್ರಾಂತ ನಡೆಯುವುದು ಬಿಷಪ್ ಒಬ್ಬರಿಂದ ಅಲ್ಲ. ಬಜೆಟ್ಟು, ಲೆಕ್ಕಪತ್ರ, ಪದಾಧಿಕಾರಿಗಳ ಚುನಾವಣೆ, ಇಡೀ ಸಿ.ಎಸ್.ಐ.ಯ ಆಡಳಿತ ಮಂಡಳಿಯಾದ ಸಿನೊಡ್‌ಗೆ ಹೋಗುವವರ ಆಯ್ಕೆ ಎಲ್ಲಕ್ಕೂ ಕೌನ್ಸಿಲ್‌ನ ಒಪ್ಪಿಗೆ ಬೇಕು. ಬಿಷಪ್ ಸ್ಥಾನ ಖಾಲಿಯಾದಾಗ ಹೆಸರುಗಳ ಪ್ಯಾನೆಲ್ ಆರಿಸಿ ಕಳಿಸುವುದೂ ಕೌನ್ಸಿಲ್ಲೇ. ಆ ಹೆಸರುಗಳಲ್ಲಿ ಒಬ್ಬರನ್ನು ಸಿನೊಡ್ ನೇಮಿಸುತ್ತದೆ. ಅಂದರೆ ಬೀಗದ ಕೈ ನಿಮ್ಮ ಹತ್ತಿರವೇ ಇದೆ. ನಮ್ಮ ಸಭೆಯವರು ಆರಾಧನೆ ಮುಗಿದ ಮೇಲೆ ಚೀಟಿ ಹಾಕಿ ಆರಿಸಿ ಕಳಿಸಿದ್ದು ನಿಮ್ಮನ್ನು.

ಕೌನ್ಸಿಲ್ ದಿನ ಹೇಗಿರುತ್ತದೆ ಅಂತ ನಾನೂ ಒಮ್ಮೆ ಪ್ರತಿನಿಧಿಯಾಗಿ ಹೋಗಿ ನೋಡಿದ್ದೇನೆ. ಯಾವ ಊರು, ಯಾವ ವರ್ಷ ಎಂದು ಇಲ್ಲಿ ಬರೆಯುವುದಿಲ್ಲ. ಯಾರ ಮೇಲೂ ಬೆರಳು ತೋರಿಸಲು ಕುಳಿತಿಲ್ಲ. ಬೆಳಿಗ್ಗೆ ನೋಂದಣಿ ಮೇಜಿನ ಹತ್ತಿರ ಒಂದು ಬಟ್ಟೆ ಚೀಲ, ಒಂದು ಬ್ಯಾಡ್ಜು, ಊಟದ ಕೂಪನ್ನು ಕೊಟ್ಟರು. ಚೀಲದೊಳಗೆ ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪ ವರದಿ ಪುಸ್ತಕ. ಹಿಂದಿನ ಪುಟಗಳಲ್ಲಿ ಆಡಿಟ್ ಆದ ಲೆಕ್ಕ, ಸಣ್ಣ ಅಕ್ಷರದಲ್ಲಿ. ಕರ್ತನ ಭೋಜನದ ಆರಾಧನೆ ಆಯಿತು, ಅಧ್ಯಕ್ಷರ ಭಾಷಣ ಆಯಿತು, ತೀರಿಕೊಂಡವರಿಗೆ ಶ್ರದ್ಧಾಂಜಲಿ ಆಯಿತು, ಶಾಲು ಹಾರ ಆಯಿತು. ಲೆಕ್ಕಪತ್ರದ ಸರದಿ ಬಂದಾಗ ಊಟದ ಹೊತ್ತು. ಖಜಾಂಚಿಯವರು ಎದ್ದು ಕೆಲವು ಮೊತ್ತಗಳನ್ನು ಓದಿದರು. ಹಿಂದಿನ ಸಾಲಿನಿಂದ ಯಾರೋ "ಅನುಮೋದಿಸುತ್ತೇನೆ" ಎಂದರು. ಇನ್ನೊಬ್ಬರು "ಸಮರ್ಥಿಸುತ್ತೇನೆ" ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಹಳ್ಳಿ ಸಭೆಯ ಹಿರಿಯರು ಪುಸ್ತಕವನ್ನು ಇನ್ನೂ ತೆರೆದಿರಲಿಲ್ಲ. ನಾನು ಕೈ ಎತ್ತಿ ಬಾಡಿಗೆ ಆದಾಯದ ಬಗ್ಗೆ ಕೇಳಿದೆ. "ಲಿಖಿತವಾಗಿ ಕೊಡಿ, ಉತ್ತರ ಕಳಿಸುತ್ತೇವೆ" ಎಂದರು. ಕೊಟ್ಟೆ. ಉತ್ತರ ಬರಲಿಲ್ಲ.

ಆ ಹಿರಿಯರ ಮುಖ ನನಗೆ ಇವತ್ತಿಗೂ ನೆನಪಿದೆ. ಅವರು ದಡ್ಡರಲ್ಲ. ತಮ್ಮ ಸಭೆಯ ಕಾಣಿಕೆಯ ಒಂದೊಂದು ರೂಪಾಯಿಗೂ ಲೆಕ್ಕ ಇಟ್ಟವರು. ಸುಗ್ಗಿ ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಹರಾಜು ನಡೆಯುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಒಬ್ಬ ಬಾಳೆಗೊನೆ ತಂದಿರುತ್ತಾನೆ, ಒಬ್ಬಳು ನಾಟಿ ಕೋಳಿ, ಇನ್ನೊಬ್ಬರು ಕುಂಬಳಕಾಯಿ. ಕೂಗಿದ ದರ, ಕೂಗಿದವರ ಹೆಸರು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಲ್ಲವನ್ನೂ ಒಬ್ಬ ಹುಡುಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಮುಂದಿನ ಭಾನುವಾರ ಆ ಲೆಕ್ಕ ಎಲ್ಲರ ಮುಂದೆ ಓದಲಾಗುತ್ತದೆ. ಬಾಕಿ ಇಟ್ಟವನು ತಲೆ ತಗ್ಗಿಸಿ ಕೂತಿರುತ್ತಾನೆ. ಸ್ತ್ರೀಯರ ಕೂಟದ ಲೆಕ್ಕವಂತೂ ಇನ್ನೂ ಬಿಗಿ. ಟೀ ಪುಡಿಗೆ ಎಷ್ಟಾಯಿತು ಅಂತಲೂ ಅದರಲ್ಲಿ ಇರುತ್ತದೆ. ಲೆಕ್ಕ ಒಪ್ಪಿಸುವ ಅಭ್ಯಾಸ ನಮ್ಮ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕೋಳಿಯ ಲೆಕ್ಕ ಇಷ್ಟು ಚೆನ್ನಾಗಿ ಇಡುವ ಸಭೆಗೆ ಶಾಲೆ, ಆಸ್ಪತ್ರೆ, ಜಮೀನಿನ ಲೆಕ್ಕ ಗೊತ್ತಾಗದೆ ಉಳಿಯುವುದು ನನಗೆ ಸಂಕಟದ ವಿಷಯ.

ಈ ಪತ್ರ ಓದುವವರಲ್ಲಿ ನಮ್ಮ ಸಭೆಯವರಲ್ಲದವರೂ ಇರಬಹುದು. ಅವರಿಗಾಗಿ, ನಮ್ಮ ಎಳೆಯರಿಗಾಗಿಯೂ, ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಒಂದೂವರೆ ತಿಂಗಳು ಆಗಿತ್ತು. ಆಂಗ್ಲಿಕನ್ ಸಭೆ, ಮೆಥಡಿಸ್ಟ್ ಸಭೆ, 1908ರಲ್ಲಿ ರೂಪುಗೊಂಡಿದ್ದ ಸೌತ್ ಇಂಡಿಯಾ ಯುನೈಟೆಡ್ ಚರ್ಚ್, ಈ ಮೂರೂ ಒಂದಾದವು. ಒಂದಾಗುವ ಮಾತುಕತೆ ಶುರುವಾಗಿದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಮುಂದಾಳಾಗಿದ್ದವರು ದೋರ್ನಕಲ್‌ನ ಬಿಷಪ್ ವಿ.ಎಸ್. ಅಜರಯ್ಯ. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಅವರು. 28 ವರ್ಷ ನಡೆದ ಆ ಮಾತುಕತೆಯ ಕೊನೆಯನ್ನು ಅವರು ನೋಡಲಿಲ್ಲ. 1945ರ ಮೊದಲ ದಿನವೇ ತೀರಿಕೊಂಡರು.

ಅಷ್ಟು ವರ್ಷ ಯಾಕೆ ಬೇಕಾಯಿತು? ದೊಡ್ಡ ತೊಡಕು ಬಿಷಪ್ ಸ್ಥಾನದ್ದೇ. ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದ ಸಭೆ ಊಹೆಗೂ ನಿಲುಕದು. ಉಳಿದವರಿಗೆ ಬಿಷಪ್ ಎಂದರೆ ಭಯ. ಒಬ್ಬರ ಕೈಗೆ ಇಷ್ಟೊಂದು ಅಧಿಕಾರ ಕೊಟ್ಟರೆ ಸಭೆಯ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ ಅನ್ನುವ ಭಯ. ಕೊನೆಗೆ ಮಾಡಿಕೊಂಡ ಒಪ್ಪಂದ ಏನು ಗೊತ್ತಾ? ಬಿಷಪ್ ಇರುತ್ತಾರೆ, ಆದರೆ ಸಂವಿಧಾನಕ್ಕೆ ಒಳಪಟ್ಟು ಇರುತ್ತಾರೆ. ಬಿಷಪ್, ಸಭಾಪಾಲಕರು (ಪಾದ್ರಿಗಳು), ಸಭೆಯ ಜನ, ಮೂವರೂ ಸೇರಿಯೇ ಸಭೆ ನಡೆಯಬೇಕು. ಈ ಷರತ್ತು ಇಲ್ಲದಿದ್ದರೆ ಸಿ.ಎಸ್.ಐ. ಹುಟ್ಟುತ್ತಲೇ ಇರಲಿಲ್ಲ.

ನಮ್ಮ ಕನ್ನಡ ಸಭೆಗಳಿಗಂತೂ ಈ ಮಾತು ಇನ್ನೂ ಹತ್ತಿರದ್ದು. ಬೆಂಗಳೂರು, ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆಯ ಸಭೆಗಳನ್ನು ಕಟ್ಟಿದ್ದು ಲಂಡನ್ ಮಿಷನ್. ಮೈಸೂರು, ತುಮಕೂರು, ಹಾಸನದ ಕಡೆ ವೆಸ್ಲಿಯನ್ ಮಿಷನ್. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಗದಗದ ಕಡೆ ಬಾಸೆಲ್ ಮಿಷನ್, ಅದು ಮಂಗಳೂರಿಗೆ ಬಂದದ್ದು 1834ರಲ್ಲಿ. ಈ ಮೂರರಲ್ಲಿ ಯಾರಿಗೂ ಇಲ್ಲಿ ಬಿಷಪ್ ಇರಲಿಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಹಳ್ಳಿ ಸಭೆಯ ಹಿರಿಯರ ಮಾತಿಗೆ ತೂಕ ಇತ್ತು. ಕರಾವಳಿಯ ಬಾಸೆಲ್ ಮಿಷನ್ ಸಭೆಗಳು 1947ರಲ್ಲಿ ತಕ್ಷಣ ಸೇರಲೂ ಇಲ್ಲ. ಎಷ್ಟೋ ವರ್ಷ ಹೊರಗಿದ್ದು, ಯೋಚನೆ ಮಾಡಿ, ಆಮೇಲೆ ಬಂದವು. ಮೊದಲು ಒಂದೇ ಆಗಿದ್ದ ಮೈಸೂರು ಸಭಾಪ್ರಾಂತ ಮುಂದೆ ದಕ್ಷಿಣ, ಮಧ್ಯ, ಉತ್ತರ ಎಂದು ಮೂರಾಯಿತು.

ಹಾಗಾಗಿ ಕೌನ್ಸಿಲ್‌ನಲ್ಲಿ ಪ್ರಶ್ನೆ ಕೇಳುವುದನ್ನು ಬಿಷಪ್‌ಗೆ ತೋರುವ ಅಗೌರವ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಬಿಷಪ್ ಸ್ಥಾನದ ಬಗ್ಗೆ ಪೂರ್ತಿ ಗೌರವ ಇದೆ. ಸಭೆಯ ಪೂರ್ಣ ಸದಸ್ಯನಾಗಿ ದೃಢೀಕರಣ ಪಡೆದ ದಿನ ಬಿಷಪ್ ನನ್ನ ತಲೆಯ ಮೇಲೆ ಕೈಯಿಟ್ಟಿದ್ದನ್ನು ನಾನು ಮರೆತಿಲ್ಲ. ಆ ಕೈಗೆ ಬರೀ ಜಮೀನು, ಕೋರ್ಟು, ಟೆಂಡರ್ ಕಾಗದಗಳೇ ತುಂಬಿಕೊಂಡರೆ ಕುರಿಗಳನ್ನು ಕಾಯುವವರು ಯಾರು? ಲೆಕ್ಕ ಬಹಿರಂಗವಾಗಿದ್ದರೆ ಬಿಷಪ್ ಅವರ ಹೆಗಲ ಭಾರವೂ ಇಳಿಯುತ್ತದೆ.

ಬೈಬಲಿನ ಅಪೊಸ್ತಲ ಪೌಲನನ್ನೇ ನೋಡಿ. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಕೂಡಿಸಿದ. ಅದನ್ನು ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಕರೆದುಕೊಂಡ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸುವಂತೆ ಆಗಬಾರದು, ದೇವರ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಎಂದು ಕೊರಿಂಥದವರಿಗೆ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಬರೆದ. ಅಪೊಸ್ತಲನೇ ತನ್ನ ಮಾತನ್ನು ಹಾಗೇ ನಂಬಿ ಅನ್ನಲಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಕೌನ್ಸಿಲ್‌ನಲ್ಲಿ ಸಭಾಪಾಲಕರೂ ಇರುತ್ತಾರೆ. ಓದಿದವರು, ತಿಳಿದವರು. ಸಂವಿಧಾನದ ಪುಸ್ತಕ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಬಹಳ ಜನ ಅಲ್ಲಿ ಬಾಯಿ ಬಿಡುವುದಿಲ್ಲ. ಅವರ ಸಂಬಳ ಬರುವುದು ಸಭಾಪ್ರಾಂತದ ಕಚೇರಿಯಿಂದ, ವರ್ಗಾವಣೆಯ ಆದೇಶ ಬರುವುದೂ ಅಲ್ಲಿಂದಲೇ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಇರುತ್ತಾಳೆ. ಹೆಂಡತಿಗೆ ಅದೇ ಊರಿನ ಶಾಲೆಯಲ್ಲಿ ಕೆಲಸ. ಇದ್ದಕ್ಕಿದ್ದ ಹಾಗೆ ಇನ್ನೂರು ಮೈಲಿ ದೂರದ ಸಭೆಗೆ ಹೋಗು ಎಂದರೆ ಆ ಕುಟುಂಬ ಏನು ಮಾಡಬೇಕು? ಹಾಗೆ ಆಗುತ್ತದೋ ಇಲ್ಲವೋ ಬೇರೆ ಮಾತು. ಆಗಬಹುದು ಅನ್ನುವ ಅಂಜಿಕೆಯೇ ಬಾಯಿ ಕಟ್ಟಿಸಲು ಸಾಕು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಆದರೆ ನಿಮಗೆ ಆ ಅಂಜಿಕೆ ಇಲ್ಲ. ನೀವು ನಿಮ್ಮ ಅಂಗಡಿ, ನಿಮ್ಮ ಗದ್ದೆ, ನಿಮ್ಮ ಪೆನ್ಷನ್ ಮೇಲೆ ಬದುಕುವವರು. ಅವರು ಕೇಳಲಾಗದ್ದನ್ನು ನೀವು ಕೇಳಬೇಕು. ಕೌನ್ಸಿಲ್‌ನಲ್ಲಿ ಸಭೆಯ ಜನರಿಗೂ ಜಾಗ ಇಟ್ಟಿರುವುದು ಅದಕ್ಕೇ ಅಲ್ವಾ?

ಈಗ ಆಸ್ತಿ ವಿಷಯ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮಿಷನರಿಗಳು ಬಿಟ್ಟುಹೋದ ಜಮೀನು ಇವತ್ತು ಊರಿನ ನಡುಮಧ್ಯ ಇದೆ. ಆಗ ಊರಾಚೆ ಅಂತ ಕಡಿಮೆ ಬೆಲೆಗೆ ಸಿಕ್ಕಿದ್ದು, ಈಗ ಬಸ್ ಸ್ಟ್ಯಾಂಡಿನ ಎದುರಿಗೆ. ಬಹುಪಾಲು ಆಸ್ತಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿದೆ. ಅದು 1947ರಲ್ಲೇ ಕಂಪನಿ ಕಾಯ್ದೆಯ ಅಡಿಯಲ್ಲಿ ನೋಂದಣಿಯಾದ, ಲಾಭಕ್ಕಾಗಿ ಅಲ್ಲದ ಕಂಪನಿ. ಮುಖ್ಯ ಕಚೇರಿ ಚೆನ್ನೈಯಲ್ಲಿ. ಇಲ್ಲಿನ ವ್ಯವಹಾರ ನೋಡಿಕೊಳ್ಳಲು ಸಭಾಪ್ರಾಂತದವರಿಗೆ ಜಿ.ಪಿ.ಎ., ಅಂದರೆ ತನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಕೊಡುತ್ತದೆ. ಹೆಸರು ಚೆನ್ನೈಯ ಕಂಪನಿಯದು, ಸಹಿ ಕಚೇರಿಯವರದು, ಕಸ ಗುಡಿಸಿ ದೀಪ ಹಚ್ಚಿ ಕಾಪಾಡುವವರು ಮಾತ್ರ ಸಭೆಯ ಜನ. ಈ ಮೂರರ ನಡುವೆ ಒಂದು ಬಾಡಿಗೆ ಕರಾರು ಯಾವಾಗ ಮುಗಿಯಿತು, ಯಾರಿಗೆ ಮುಂದುವರಿಸಿದರು, ಎಷ್ಟು ಅಡ್ವಾನ್ಸ್ ಬಂತು ಎಂಬುದು ಸಭೆಯವರಿಗೆ ಗೊತ್ತಾಗುವುದೇ ಇಲ್ಲ. ನಮ್ಮ ದೇವಾಲಯದ ಕಾಂಪೌಂಡಿಗೆ ಅಂಟಿಕೊಂಡ ಮಳಿಗೆಗಳ ಬಾಡಿಗೆ ಎಷ್ಟೆಂದು ನನಗೆ ತಿಳಿದದ್ದು ನಮ್ಮ ಸಭೆಯಿಂದ ಅಲ್ಲ. ಮಳಿಗೆ ಹಿಡಿದ ಅಂಗಡಿಯವನಿಂದ, ಒಂದು ದಿನ ಬ್ಯಾಟರಿ ಕೊಳ್ಳಲು ಹೋದಾಗ. ಎದುರು ಸಾಲಿನ ಅಂಗಡಿಗಳ ಬಾಡಿಗೆಯ ಕಾಲು ಭಾಗವೂ ಅದು ಇರಲಿಲ್ಲ.

ಅದಕ್ಕೇ ಆಸ್ತಿ ಪಟ್ಟಿ ಬೇಕು ಅನ್ನುತ್ತಿದ್ದೇನೆ. ಸರ್ವೆ ನಂಬರ್, ವಿಸ್ತೀರ್ಣ, ಖಾತೆ ಯಾರ ಹೆಸರಲ್ಲಿದೆ, ಬಾಡಿಗೆಗೆ ಇದೆಯೋ ಲೀಸ್‌ಗೋ, ಎಲ್ಲಿಯವರೆಗೆ, ಎಷ್ಟಕ್ಕೆ, ಕೋರ್ಟಿನಲ್ಲಿ ಇದ್ದರೆ ಕೇಸ್ ಯಾವ ಹಂತದಲ್ಲಿದೆ. ಪ್ರತಿ ಊರಿಗೆ ಒಂದು ಪುಟ ಸಾಕು. ಕಚೇರಿ ಕೊಡುವವರೆಗೆ ಸುಮ್ನೆ ಕಾಯಬೇಕಾಗಿಯೂ ಇಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಕೃಷಿ ಜಮೀನಿನ ಪಹಣಿ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮಾರಾಟ, ಅಡಮಾನ, ನೋಂದಣಿಯಾದ ಲೀಸ್ ಇದ್ದರೆ ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಬರುತ್ತದೆ, ಅದಕ್ಕೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ನಮ್ಮ ಸಭೆಯ ಯೌವನಸ್ಥರಲ್ಲಿ ಇಬ್ಬರಿಗೆ ಹೇಳಿದರೆ ಒಂದು ವಾರದಲ್ಲಿ ಮುಗಿಸಿ ಕೊಡುತ್ತಾರೆ.

ಸಭೆಯವರು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಬೆಂಗಳೂರಿನ ರಿಚ್ಮಂಡ್ ಟೌನಿನ ಆಲ್ ಸೇಂಟ್ಸ್ ಚರ್ಚ್ ಇದೆ. ನಮ್ಮ ಮೆಟ್ರೋದ ಸುರಂಗ ನಿಲ್ದಾಣಕ್ಕೆ ಅಲ್ಲಿನ ಜಾಗ ಬೇಕು ಎಂದಾಗ ಅಲ್ಲಿ ಆರಾಧಿಸುವ ಜನವೇ ಎದ್ದು ನಿಂತರು. ಹಳೆಯ ಮರಗಳಿಗಾಗಿ, ನೂರೈವತ್ತು ವರ್ಷದ ಕಟ್ಟಡಕ್ಕಾಗಿ. ಯೋಜನೆಗೆ ಸಾಲ ಕೊಟ್ಟಿದ್ದ ಯುರೋಪಿನ ಹೂಡಿಕೆ ಬ್ಯಾಂಕಿಗೂ ದೂರು ಮುಟ್ಟಿಸಿದರು. ಸಾಮಾನ್ಯ ಸದಸ್ಯರು ಮಾಡಿದ ಕೆಲಸ ಇದು. ಅಷ್ಟು ದೂರದ ಬ್ಯಾಂಕಿಗೆ ಪ್ರಶ್ನೆ ಕೇಳಲು ಆಗುತ್ತದೆ ಎಂದಾದರೆ ನಮ್ಮದೇ ಕಚೇರಿಗೆ ಕೇಳಲು ಯಾಕೆ ಆಗಬಾರದು?

ತಿದ್ದುಪಡಿಗಳ ಮಾತನ್ನೂ ಹೇಳಬೇಕು. ಸಿನೊಡ್ ಸಂವಿಧಾನವನ್ನು ತಿದ್ದಿದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ಸಭಾಪ್ರಾಂತಗಳ ಕೌನ್ಸಿಲ್‌ಗಳ ಮುಂದೆ ಬರಬೇಕು, ಮೂರರಲ್ಲಿ ಎರಡು ಪಾಲು ಕೌನ್ಸಿಲ್‌ಗಳು ಒಪ್ಪಬೇಕು. ಬಿಷಪ್‌ಗಳ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ ಎಷ್ಟು ದೊಡ್ಡ ಜಗಳವಾಯಿತು ಎಂದು ನಿಮಗೆಲ್ಲ ಗೊತ್ತು. ಅದೂ ಸಿನೊಡ್ ಚುನಾವಣೆಯೂ ಸೇರಿ ವ್ಯಾಜ್ಯ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಹೈಕೋರ್ಟು ಸಿನೊಡ್‌ನ ಆಡಳಿತ ನೋಡಿಕೊಳ್ಳಲು, ಚುನಾವಣೆ ನಡೆಸಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಕೊಡಲು ನಾನು ಯಾರು? ನನಗೆ ನೋವಾಗಿದ್ದು ಬೇರೆಯದಕ್ಕೆ. ನಮ್ಮ ಸಭೆಯನ್ನು ನಡೆಸಲು ಹೊರಗಿನವರನ್ನು ಕೂರಿಸಬೇಕು ಎಂದು ಒಂದು ನ್ಯಾಯಾಲಯಕ್ಕೆ ಅನ್ನಿಸುವ ಮಟ್ಟಕ್ಕೆ ನಾವು ಬಂದೆವು.

ಕೋರ್ಟಿನವರೆಗೆ ಹೋಗುವ ಮೊದಲು ತಿದ್ದುಪಡಿ ನಿಮ್ಮ ಬಾಗಿಲಿಗೆ ಬರುತ್ತದೆ, ನೆನಪಿಡಿ. ಚೆನ್ನೈಯಲ್ಲಿ ತೀರ್ಮಾನವಾದ ದೊಡ್ಡ ಸಂಗತಿ ನಿಮ್ಮ ಅಜೆಂಡಾದಲ್ಲಿ ಒಂದೇ ಸಾಲಿನಲ್ಲಿ ಕೂತಿರುತ್ತದೆ: "ಸಿನೊಡ್ ತಿದ್ದುಪಡಿಗಳಿಗೆ ಅನುಮೋದನೆ". ಹಳೆಯ ನಿಯಮ ಏನಿತ್ತು, ಹೊಸದು ಏನು, ಇದರಿಂದ ಯಾರಿಗೆ ಲಾಭ ಎಂದು ಆ ಸಾಲು ಹೇಳುವುದಿಲ್ಲ. ಒಂದು ತಿಂಗಳ ಮೊದಲು ಕರಡು ಕನ್ನಡದಲ್ಲಿ ಸಿಕ್ಕಿದರೆ ನಿಮ್ಮ ಸಭೆಯಲ್ಲಿ ಇರುವ ವಕೀಲರನ್ನೋ, ನಿವೃತ್ತ ಮೇಷ್ಟರನ್ನೋ ಕೂರಿಸಿಕೊಂಡು ಓದಬಹುದು. ಸಭೆ ಬೇಡ ಅಂದರೆ ಬೇಡ ಎಂದು ಹೇಳಿ ಬರಬಹುದು.

ಇದಕ್ಕೆ ಬರುವ ತಕರಾರುಗಳೂ ನನಗೆ ಗೊತ್ತು. ಖರ್ಚು ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಚೀಲ, ಶಾಲು, ಫ್ಲೆಕ್ಸ್ ಬಿಟ್ಟರೆ ಆ ದುಡ್ಡಲ್ಲೇ ಆಗುತ್ತದೆ. ವಾಟ್ಸಾಪಿನಲ್ಲಿ ಪಿ.ಡಿ.ಎಫ್. ಕಳಿಸಿದರೆ ಅದೂ ಬೇಡ. ಮೂರು ನಾಲ್ಕು ಭಾಷೆಯ ಸಭೆಗಳಿವೆ, ಎಲ್ಲಕ್ಕೂ ಅನುವಾದ ಹೇಗೆ ಅನ್ನುತ್ತಾರೆ. ಸತ್ಯವೇದವನ್ನೇ ನಮ್ಮ ಭಾಷೆಗೆ ತಂದುಕೊಟ್ಟ ಸಭೆ ಇದು. ಮಂಗಳೂರಿನ ಬಾಸೆಲ್ ಮಿಷನ್‌ನಿಂದಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟಿತು. ಅಂಥವರ ಮಕ್ಕಳಿಗೆ ಒಂದು ಬ್ಯಾಲೆನ್ಸ್ ಶೀಟ್ ಕನ್ನಡಕ್ಕೆ ತರುವುದು ಕಷ್ಟವೇ?

ಇನ್ನೊಂದು ತಕರಾರು ಸ್ವಲ್ಪ ಗಂಭೀರದ್ದು. ಈಗಿನ ಕಾಲ ಸರಿಯಿಲ್ಲ, ಕ್ರೈಸ್ತರ ಮೇಲೆ ಎಲ್ಲರ ಕಣ್ಣಿದೆ, ಮನೆಯ ವಿಷಯ ಬೀದಿಗೆ ತಂದರೆ ಶತ್ರುಗಳ ಕೈಗೆ ಕೋಲು ಕೊಟ್ಟ ಹಾಗೆ ಅನ್ನುತ್ತಾರೆ. ಆ ಹೆದರಿಕೆ ನಿಜ, ನಾನೂ ಅದೇ ಕಾಲದಲ್ಲಿ ಬದುಕುತ್ತಿದ್ದೇನೆ. ಆದರೆ ನಮ್ಮ ವಿಷಯ ಈಗಾಗಲೇ ಕೋರ್ಟಿನಲ್ಲಿದೆ, ಪತ್ರಿಕೆಯಲ್ಲಿದೆ. ಗೊತ್ತಿಲ್ಲದೆ ಉಳಿದವರು ನಮ್ಮ ಸಭೆಯ ಜನ ಮಾತ್ರ. ಬಿಷಪ್ ಕಚೇರಿಯಲ್ಲಿ ಏನು ನಡೆಯುತ್ತಿದೆ ಎಂದು ಅವರು ಟೀವಿ ನೋಡಿ ತಿಳಿಯಬೇಕೇ?

ಮಹಿಳಾ ಪ್ರತಿನಿಧಿಗಳಿಗೆ ಬೇರೆಯಾಗಿ ಒಂದು ಮಾತು. ಈ ಸಭೆ 2013ರಲ್ಲೇ ನಂದ್ಯಾಲಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ ಆಗಿ ಕೊಟ್ಟಿದೆ. ಕೌನ್ಸಿಲ್‌ನಲ್ಲಿ ನಿಮ್ಮನ್ನು ಸ್ವಾಗತ ಗೀತೆಗೂ ಊಟದ ಉಸ್ತುವಾರಿಗೂ ನಿಲ್ಲಿಸಿದರೆ ಒಪ್ಪಬೇಡಿ. ಹಣಕಾಸು ಸಮಿತಿ, ಆಸ್ತಿ ಸಮಿತಿಗೆ ನಿಮ್ಮ ಹೆಸರು ಕೊಡಿ. ಟೀ ಪುಡಿಯ ಲೆಕ್ಕ ಇಟ್ಟವರು ಅಲ್ಲಿ ಕೂತರೆ ನಮಗೆ ಧೈರ್ಯ.

ಮುಂದಿನ ಕೌನ್ಸಿಲ್‌ನ ನೋಟಿಸ್ ಬಂದ ದಿನವೇ ನೀವು ಮಾಡಬಹುದಾದ ಕೆಲಸ ಸಣ್ಣದು. ನಿಮ್ಮ ಸಭೆಯ ಕಮಿಟಿಯಲ್ಲಿ ಒಂದು ನಿರ್ಣಯ ಬರೆಸಿ: ಕಾಗದಪತ್ರ ಒಂದು ತಿಂಗಳ ಮೊದಲು, ಕನ್ನಡದಲ್ಲಿ, ತಮಿಳು ತೆಲುಗು ಸಭೆಗಳಿಗೆ ಅವರ ಭಾಷೆಯಲ್ಲಿ ಬೇಕು ಎಂದು. ಸಭಾಪಾಲಕರ ಮೇಲೆ ಹೊರೆ ಹಾಕದೆ ಸದಸ್ಯರೇ ಸಹಿ ಮಾಡಿ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪಕ್ಕದ ಊರಿನ ಸಭೆಗೂ ಒಂದು ಪ್ರತಿ ಕೊಡಿ, ಅವರೂ ಬರೆಯಲಿ. ಕಾಗದ ಬರದಿದ್ದರೆ ಕೌನ್ಸಿಲ್‌ನಲ್ಲಿ ಎದ್ದು ನಿಂತು, ಈ ವಿಷಯ ಮುಂದಿನ ಕೌನ್ಸಿಲ್‌ಗೆ ಹಾಕಿ ಎಂದು ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸಿ. ಮನೆಗೆ ಬಂದ ಮೇಲೆ ಮೊದಲ ಭಾನುವಾರ, ಪ್ರಕಟಣೆಗಳ ಹೊತ್ತಿನಲ್ಲಿ ಹತ್ತು ನಿಮಿಷ ಕೇಳಿ ತೆಗೆದುಕೊಂಡು, ಏನು ಒಪ್ಪಿ ಬಂದಿರಿ, ಏನು ಒಪ್ಪಲಿಲ್ಲ ಎಂದು ನಮಗೆ ಹೇಳಿ. ನಾವು ಕೂತು ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ.

ಇಂತು ನಿಮ್ಮ ವಿಶ್ವಾಸಿ,
ಚಂದಾ ಕಟ್ಟುವ, ವೋಟರ್ ಪಟ್ಟಿಯಲ್ಲಿ ಹೆಸರಿರುವ ಒಬ್ಬ ಸಭಾ ಸದಸ್ಯ